ನೋಡಲೇಬೇಕಂತೆ!

ಪರದೇಶಕ್ಕೆ ಹೊರಟವರಿಗೆ ವೀಸಾ ಕೊಡುವವರು ರಾಯಭಾರ ಕಚೇರಿಯವರು. ಅಲ್ಲಿ ಹೋಗಿ ಏನೇನು ನೋಡಬೇಕೆಂದು ಅಪ್ಪಣೆ ಕೊಡಿಸುವವರು ಮಾತ್ರ ನೆಂಟರಿಷ್ಟರು. ಮಿಲಾನ್‌ನಲ್ಲಿ ಕೆಲಸಕ್ಕಿರುವ ಮಗಳ ಹತ್ತಿರ ಹೋಗಿ ಹಾಗೇ ಇಟಲಿ ಸುತ್ತಿ ಬರುತ್ತೇವೆ ಎಂಬ ಮಾತು ನನ್ನ ಹೆಂಡತಿಯ ಬಾಯಿಂದ ಅವಳ ಅಕ್ಕನ ಕಿವಿಗೆ ಬಿದ್ದದ್ದೇ ತಡ, ನನ್ನ ಷಡ್ಡಕರಿಂದ ವಾಟ್ಸಾಪಿನಲ್ಲಿ ಒಂದು ಪಟ್ಟಿ ಬಂತು. ಅವರು ಆಡಿಟ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಊರಿಗೊಂದು ತಲೆಬರಹ, ಜಾಗಕ್ಕೊಂದು ಕ್ರಮಸಂಖ್ಯೆ, ಪ್ರತಿ ಸಂಖ್ಯೆಯ ಮುಂದೆ ನೋಡಿ ಮುಗಿಸಿದ್ದಕ್ಕೆ ಗುರುತು ಹಾಕಲು ಖಾಲಿ ಚೌಕ. ಷರಾ ಕಾಲಂನಲ್ಲಿ ಎಲ್ಲದಕ್ಕೂ ಒಂದೇ ಮಾತು: ‘ನೋಡಲೇಬೇಕು.’ ಯಾಕೆ ನೋಡಬೇಕು ಎಂಬುದಕ್ಕೆ ಕಾಲಂ ಇರಲಿಲ್ಲ.

ನನಗೆ ಈ ಏರ್ಪಾಡು ಹಿಡಿಸಿತು. ನಾನು ಫಲಕ ಓದುವ ಜಾತಿಯವನು. ಯಾವ ಗುಡಿಗೆ ಹೋದರೂ ದೇವರಿಗಿಂತ ಮೊದಲು ಪುರಾತತ್ವ ಇಲಾಖೆಯ ನೀಲಿ ಬೋರ್ಡಿಗೆ ಕೈಮುಗಿಯುವವನು. ನನ್ನ ಹೆಂಡತಿಯ ದಾರಿ ಬೇರೆ. ಭಾವನವರ ಪಟ್ಟಿ ಎಂಬ ಗೌರವ ಅವಳಿಗಿದೆ. ಆದರೆ ಅರಮನೆಗೆ ಹೋದರೆ ಅವಳು ಸಿಂಹಾಸನವನ್ನು ಬಿಟ್ಟು ಅಡುಗೆಮನೆ ಎಲ್ಲಿ ಎನ್ನುತ್ತಾಳೆ. ಕೋಟೆಗೆ ಹೋದರೆ ಇಷ್ಟು ಮೇಲಕ್ಕೆ ನೀರು ಹೊರುತ್ತಿದ್ದವರು ಯಾರು ಎನ್ನುತ್ತಾಳೆ. ಇತಿಹಾಸ ಇದಕ್ಕೆಲ್ಲ ಉತ್ತರ ಇಟ್ಟುಕೊಂಡಿರುವುದಿಲ್ಲ, ಗೈಡುಗಳಂತೂ ಮೊದಲೇ ಇಟ್ಟುಕೊಂಡಿರುವುದಿಲ್ಲ.

ಮಿಲಾನ್‌ನ ಮೊದಲ ಚೌಕ ಲಿಯೊನಾರ್ಡೊ ಡ ವಿಂಚಿಯ ‘ಲಾಸ್ಟ್ ಸಪ್ಪರ್’. ಇದರ ಟಿಕೆಟನ್ನು ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು, ಮಗಳು ಕಾಯ್ದಿರಿಸಿದ್ದಳು. ಒಂದೊಂದು ತಂಡಕ್ಕೆ ಒಳಗೆ 15 ನಿಮಿಷ. ಧೂಳು, ತೇವ ಒಳಗೆ ಹೋಗಬಾರದೆಂದು ಸಾಲಾಗಿ ಗಾಜಿನ ಬಾಗಿಲುಗಳು. ಹಿಂದಿನದು ಮುಚ್ಚುವ ತನಕ ಮುಂದಿನದು ತೆರೆಯುವುದಿಲ್ಲ. ಇಷ್ಟು ಮಡಿ ನಮ್ಮ ಯಾವ ಗರ್ಭಗುಡಿಯಲ್ಲೂ ಇಲ್ಲ.

ಒಳಗೆ ಗೋಡೆ ತುಂಬ ಚಿತ್ರ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಪದ್ಧತಿಯಲ್ಲಿ ಗಾರೆ ಆರುವುದರೊಳಗೆ ಕೈ ಚುರುಕಾಗಿ ಓಡಬೇಕು. ಲಿಯೊನಾರ್ಡೊಗೆ ಅವಸರ ಒಗ್ಗದು. ಒಣಗಿದ ಗೋಡೆಯ ಮೇಲೆ ತನ್ನದೇ ವಿಧಾನದಲ್ಲಿ, ಮನಸ್ಸು ಬಂದಾಗ ಬಂದು, 1495ರ ಸುಮಾರಿನಿಂದ 1498ರವರೆಗೆ ಬರೆದ. ಅವನು ಬದುಕಿರುವಾಗಲೇ ಬಣ್ಣ ಉದುರಲು ಶುರುವಾಯಿತು. ಕಡೆಯ ಸಲ ರಿಪೇರಿಗೆ ಕೂತವರು 1978ರಲ್ಲಿ ಕೂತು 1999ರಲ್ಲಿ ಎದ್ದರು. ಇಷ್ಟನ್ನು ನಾನು ಪಿಸುದನಿಯಲ್ಲಿ ವಿವರಿಸುತ್ತಿದ್ದಾಗ ನನ್ನಾಕೆ ಮೇಜಿನ ಕೆಳಗೆ ನೋಡುತ್ತಿದ್ದಳು.

“ರೀ, ಎಲ್ಲರ ಕಾಲೂ ಕಾಣ್ತಿದೆ, ಯೇಸುವಿನ ಕಾಲೇ ಇಲ್ಲವಲ್ಲ?”

ಇರಲಿಲ್ಲ. ಅವನ ಪಾದ ಇರಬೇಕಾದಲ್ಲಿ ಕಮಾನಿನ ಆಕಾರದ ಬೋಳು ಗೋಡೆ. ಕಥೆ ಏನೆಂದರೆ, ಇದು ಸಂತ ಮರಿಯಾ ಮಠದ ಸನ್ಯಾಸಿಗಳ ಊಟದ ಮನೆ. 1652ರಲ್ಲಿ ಅವರು ಅಡುಗೆಮನೆ ಕಡೆಗೆ ದಾರಿ ಬೇಕೆಂದು ಚಿತ್ರದ ನಡುವೆಯೇ ಗೋಡೆ ಒಡೆದು ಬಾಗಿಲು ಇಟ್ಟರು. ಬಾಗಿಲಿನ ಪಾಲಿಗೆ ಬಂದದ್ದು ಯೇಸುವಿನ ಪಾದ. ಆಮೇಲೆ ಅದನ್ನು ಮುಚ್ಚಿದರೂ ಕಾಲು ಹಿಂತಿರುಗಿ ಬರಲಿಲ್ಲ.

ನಾನು “ಎಂಥ ಅನಾಗರಿಕರು” ಎಂದೆ. ಅವಳು ಒಪ್ಪಲಿಲ್ಲ. “ಬಡಿಸೋರು ಎಲ್ಲಿಂದಲೋ ಸುತ್ತಿ ಬರೋಷ್ಟರಲ್ಲಿ ಊಟ ಆರಿಹೋಗ್ತಿತ್ತೇನೋ, ಪಾಪ. ದಿನಾ ತಣ್ಣಗಿನ ಊಟ ಮಾಡ್ಕೊಂಡು ಚಿತ್ರ ನೋಡಿ ಅಂದ್ರೆ ಎಷ್ಟು ದಿನ ನೋಡ್ತಾರೆ?” ಕಲಾ ವಿಮರ್ಶಕರು ಮುನ್ನೂರೈವತ್ತು ವರ್ಷಗಳಿಂದ ಬೈಯುತ್ತಿರುವ ಆ ಸನ್ಯಾಸಿಗಳ ಪರ ವಕಾಲತ್ತು ಹಾಕಿದವರು ಬಹುಶಃ ಇವಳೊಬ್ಬಳೇ.

ಎದುರು ಗೋಡೆಯಲ್ಲಿ ಇನ್ನೊಂದು ದೊಡ್ಡ ಚಿತ್ರವಿದೆ: ಮೊಂತೊರ್ಫಾನೊ ಎಂಬಾತ 1495ರಲ್ಲಿ ಬರೆದ ಶಿಲುಬೆಯ ದೃಶ್ಯ. ಆತ ಶಾಸ್ತ್ರೋಕ್ತವಾಗಿ ಹಸಿ ಗಾರೆಯ ಮೇಲೆಯೇ ಬರೆದ. ಇವತ್ತಿಗೂ ಬಣ್ಣ ಗಟ್ಟಿಯಾಗಿದೆ. 1943ರ ಆಗಸ್ಟಿನಲ್ಲಿ ಇಲ್ಲಿಗೆ ಬಾಂಬು ಬಿದ್ದಾಗ ಎರಡು ಗೋಡೆಗಳೂ ಉಳಿದುಕೊಂಡವು. ಆದರೆ ಬಂದವರೆಲ್ಲ ಆ ಗೋಡೆಗೆ ಬೆನ್ನು ಹಾಕಿಯೇ ನಿಂತಿರುತ್ತಾರೆ. ಸರ್ಕಾರಿ ನೌಕರಿಯಲ್ಲಿ ಮೂವತ್ತೈದು ವರ್ಷ ರೂಲ್ಸು ಪ್ರಕಾರ ಕೆಲಸ ಮಾಡಿದ ನನಗೆ ಮೊಂತೊರ್ಫಾನೊ ಮೇಲೆ ಕರುಳು ಚುರುಕ್ಕೆಂದಿತು. ಕೊನೆಯ ಎರಡು ನಿಮಿಷ ಅವನಿಗೇ ಕೊಟ್ಟೆ. ಪಟ್ಟಿಯಲ್ಲಿ ಅವನಿಗೆ ಚೌಕವಿರಲಿಲ್ಲ.

ಮಿಲಾನ್‌ನ ಮಹಾಚರ್ಚಿನ ಕೆಲಸ 1386ರಲ್ಲಿ ಶುರುವಾಗಿ ಕಡೆಯ ಬಾಗಿಲು ಕೂತಾಗ 1965 ಆಗಿತ್ತು. ಎಷ್ಟಾದರೂ ಮುಗಿಯದ ಕೆಲಸಕ್ಕೆ ಆ ಊರಿನವರು ಇದನ್ನೇ ಉದಾಹರಣೆ ಕೊಡುತ್ತಾರೆ. ನಮ್ಮ ಕಡೆ ಬೇರೆ ಉದಾಹರಣೆಗಳಿವೆ, ಹೆಸರು ಬೇಡ. ಪಕ್ಕದಲ್ಲೇ ಗಾಜಿನ ಚಾವಣಿಯ ಹಳೆಯ ಅಂಗಡಿ ಸಾಲು. ಅದರ ನೆಲದಲ್ಲಿ ಬಣ್ಣದ ಕಲ್ಲುಚೂರು ಜೋಡಿಸಿ ಮಾಡಿದ ಒಂದು ಗೂಳಿ. ಅದು ಪಕ್ಕದ ಟ್ಯೂರಿನ್ ಊರಿನ ಲಾಂಛನ. ಅದರ ಮರ್ಮಸ್ಥಾನದ ಮೇಲೆ ಹಿಮ್ಮಡಿ ಊರಿ ಮೂರು ಸುತ್ತು ತಿರುಗಿದರೆ ಅದೃಷ್ಟವಂತೆ. ತಿರುಗಿ ತಿರುಗಿ ಅಲ್ಲಿ ಗುಳಿಯೇ ಬಿದ್ದಿದೆ. ಪಟ್ಟಿಯಲ್ಲಿ ಇದಕ್ಕೂ ಚೌಕವಿತ್ತು. ಸರದಿಯಲ್ಲಿ ನಿಂತಿದ್ದ ನನ್ನ ತೋಳು ಹಿಡಿದು ಎಳೆದ ಹೆಂಡತಿ, “ನಮಗೆ ಅದೃಷ್ಟ ಬರೋಕೆ ಆ ಮೂಕಪ್ರಾಣಿ ಯಾಕೆ ನರಳಬೇಕು” ಎಂದಳು. ಚೌಕ ಖಾಲಿ ಉಳಿಯಿತು.

ಫ್ಲಾರೆನ್ಸಿನಲ್ಲಿ ನೋಡಲೇಬೇಕಾದದ್ದು ಎಷ್ಟಿದೆಯೆಂದರೆ ನೋಡಿ ಕಾಯಿಲೆ ಬಿದ್ದವರಿದ್ದಾರೆ. 1817ರಲ್ಲಿ ಫ್ರೆಂಚ್ ಲೇಖಕ ಸ್ತೆಂಧಾಲ್ ಇಲ್ಲಿನ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬರುವಾಗ ಎದೆ ಢವಗುಟ್ಟಿ, ಬಿದ್ದೇನೋ ಎಂಬ ಭಯದಲ್ಲಿ ನಡೆದೆ ಎಂದು ಬರೆದಿಟ್ಟಿದ್ದಾನೆ. ಕಲೆಯ ಸಂತೆಯಲ್ಲಿ ತಲೆ ತಿರುಗಿದ ಪ್ರವಾಸಿಗರನ್ನು ಕಂಡು ಕಂಡು ಇದೇ ಊರಿನ ಮನೋವೈದ್ಯೆ ಗ್ರಾತ್ಸಿಯೆಲ್ಲಾ ಮಗೆರಿನಿ ಆ ಬೇನೆಗೆ ಅವನ ಹೆಸರನ್ನೇ ಇಟ್ಟರು. ಇಂಥ ನೂರಕ್ಕೂ ಹೆಚ್ಚು ರೋಗಿಗಳ ವಿವರ ಅವರು ಕೊಟ್ಟಿದ್ದಾರೆ. ಉಫಿತ್ಸಿ ಗ್ಯಾಲರಿಯಲ್ಲಿ ಬೊತ್ತಿಚೆಲ್ಲಿಯ ವೀನಸ್ ಮುಂದೆ ನನಗೂ ಕಣ್ಣು ಕತ್ತಲಿಟ್ಟು ಬಂತು. ಸ್ತೆಂಧಾಲನ ಸಾಲಿಗೆ ಸೇರಿದೆನೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ಹೆಂಡತಿ ಕೈಚೀಲದಿಂದ ಚಕ್ಕುಲಿ ತೆಗೆದು, “ಬೆಳಿಗ್ಗೆ ಬಿಪಿ ಮಾತ್ರೆ ನುಂಗಿ ಬರೀ ಕಾಫಿ ಕುಡಿದು ಬಂದಿದ್ದೀರಿ, ಇನ್ನೇನಾಗತ್ತೆ” ಎಂದು ಹೊರಗೆ ಕರೆದೊಯ್ದಳು. ಚಕ್ಕುಲಿ ತಿಂದ ಮೇಲೆ ಬೇನೆ ಹೋಯಿತು.

ಮೈಕೆಲೇಂಜಲೊನ ಡೇವಿಡ್ ಈ ಊರಿನಲ್ಲಿ ಮೂರು ಕಡೆ ನಿಂತಿದ್ದಾನೆ. ಅಸಲಿ ಡೇವಿಡ್ 1504ರಿಂದ ಪುರಭವನದ ಮುಂದೆ ಮಳೆ ಬಿಸಿಲಿಗೆ ನಿಂತಿದ್ದ. 1873ರಲ್ಲಿ ಅವನನ್ನು ಅಕಾಡೆಮಿಯ ಒಳಗೆ ಕರೆದುಕೊಂಡರು. ಖಾಲಿಯಾದ ಹಳೆಯ ಜಾಗಕ್ಕೆ 1910ರಲ್ಲಿ ನಕಲು ಬಂತು. ಊರಾಚೆಯ ಗುಡ್ಡದ ಮೇಲೆ ಕಂಚಿನವನೊಬ್ಬನಿದ್ದಾನೆ. ಅಸಲಿಗೆ ಟಿಕೆಟು, ಉಳಿದಿಬ್ಬರು ಪುಕ್ಕಟೆ. ಅಸಲಿಯ ಎತ್ತರ 5.17 ಮೀಟರು, ಇಬ್ಬರು ಶಿಲ್ಪಿಗಳು ಕೈಹಾಕಿ ಬಿಟ್ಟುಹೋಗಿ, ವರ್ಷಗಟ್ಟಲೆ ಅಂಗಳದಲ್ಲಿ ಬಿದ್ದಿದ್ದ ಕಲ್ಲಿನಿಂದ ಮೈಕೆಲೇಂಜಲೊ ಅದನ್ನು ತೆಗೆದ. ನನ್ನಾಕೆ ಸುತ್ತು ಹಾಕಿ ನೋಡಿ, “ಬಿಟ್ಟುಹೋದ ಅವರಿಬ್ಬರು ಆಮೇಲೆ ಇದನ್ನ ನೋಡೋಕೆ ಬಂದಿದ್ರಾ?” ಎಂದು ಕೇಳಿದಳು. ಇಬ್ಬರೂ ಆ ಹೊತ್ತಿಗೆ ತೀರಿಕೊಂಡಿದ್ದರು ಎಂದೆ. “ಸದ್ಯ” ಎಂದಳು.

ಅವಳಿಗೆ ಈ ಊರಿನಲ್ಲಿ ತುಂಬ ಹಿಡಿಸಿದವರು ಯಾವ ಕಲಾವಿದರೂ ಅಲ್ಲ, ಆನ್ನಾ ಮರಿಯಾ ಲೂಯಿಸಾ ಎಂಬ ಅಮ್ಮ. ಮೆದಿಚಿ ಮನೆತನದ ಕೊನೆಯ ಕುಡಿ, ಮಕ್ಕಳಿಲ್ಲ. ರಾಜ್ಯ ಪರರ ಪಾಲಾಗುತ್ತಿದೆ. ಚಿತ್ರ, ಶಿಲ್ಪ, ಒಡವೆ, ಪುಸ್ತಕ ಎಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗುವವರು ಬಾಗಿಲಲ್ಲಿ ನಿಂತಿದ್ದರು. 1737ರಲ್ಲಿ ಆಕೆ ಕರಾರು ಬರೆಸಿದರು: ಎಲ್ಲವನ್ನೂ ಬಿಟ್ಟುಕೊಡುತ್ತೇನೆ, ಆದರೆ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಹೊರಗೆ ಹೋಗಕೂಡದು. ಊರಿನ ಅಂದಕ್ಕೆ, ಜನರ ಉಪಯೋಗಕ್ಕೆ, ಜೊತೆಗೆ ಪರದೇಶದವರ ಕುತೂಹಲ ಸೆಳೆಯುವುದಕ್ಕೆ ಇವು ಇಲ್ಲೇ ಇರಬೇಕು ಎಂಬ ಕಾರಣವನ್ನೂ ಬರೆಸಿದರಂತೆ. ನಾವು ಬರುತ್ತೇವೆಂದು ಆಕೆಗೆ ಆಗಲೇ ಗೊತ್ತಿತ್ತು. “ಆಸ್ತಿ ಪತ್ರ ಅಂದ್ರೆ ಹೀಗಿರಬೇಕು” ಎಂದು ನನ್ನಾಕೆ ಆಸ್ತಿ ವಿಷಯದಲ್ಲಿ ನಮ್ಮ ಚಿಕ್ಕಪ್ಪಂದಿರು ನಡೆದುಕೊಂಡದ್ದನ್ನು ನೆನಪಿಸಲು ಆರಂಭಿಸಿದಳು. ಉಫಿತ್ಸಿಯ ಎರಡು ಕೋಣೆ ಅದರಲ್ಲೇ ಕಳೆದವು.

ಅವತ್ತು ರಾತ್ರಿ ಷಡ್ಡಕರ ವಿಡಿಯೋ ಕಾಲ್. “ಪೀಸಾ ಆಯ್ತಾ?”

ಆಗಿರಲಿಲ್ಲ. ರೈಲಿನಲ್ಲಿ ಒಂದು ಗಂಟೆಯ ದಾರಿ, ಆದರೆ ಮಂಡಿ ಬೇಡವೆಂದಿತ್ತು. ಫ್ಲಾರೆನ್ಸಿನ ಮಹಾಚರ್ಚಿನ ಗುಮ್ಮಟದ 463 ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಅದು ದಾಖಲಿಸಿದ ಪ್ರತಿಭಟನೆ.

“ಅಯ್ಯೋ! ಇಟಲಿಗೆ ಹೋಗಿ ಪೀಸಾ ನೋಡದೆ ಬರ್ತೀರಾ? ಕೇಳಿದವರಿಗೆ ಏನಂತ ಹೇಳ್ತೀರಿ?”

ಆಗ ನನಗೆ ಪಟ್ಟಿಯ ಮರ್ಮ ಹೊಳೆಯಿತು. ಅದು ಕಣ್ಣಿಗಾಗಿ ಮಾಡಿದ್ದಲ್ಲ, ಊರಿಗೆ ಬಂದಮೇಲೆ ಜವಾಬು ಕೊಡುವುದಕ್ಕಾಗಿ ಮಾಡಿದ್ದು. ಆದರೂ ಪೀಸಾದ ವಿಚಾರ ಯೋಚಿಸಿ ನೋಡಿ. 1173ರಲ್ಲಿ ಶುರುವಾಗಿ, ಮೆತ್ತನೆಯ ನೆಲದಲ್ಲಿ ಮೂರನೇ ಅಂತಸ್ತಿಗೇ ವಾಲಿದ ಗಂಟೆ ಗೋಪುರ. ಬಿದ್ದೀತೆಂದು 1990ರಲ್ಲಿ ಮುಚ್ಚಿ, ಎತ್ತರದ ಬದಿಯ ಬುಡದಿಂದ ಹದವಾಗಿ ಮಣ್ಣು ತೆಗೆದು, ಒಂದಿಷ್ಟು ನೆಟ್ಟಗೆ ಮಾಡಿ 2001ರಲ್ಲಿ ತೆರೆದರು. ಪೂರ್ತಿ ನೆಟ್ಟಗೆ ಮಾಡುವ ಹುಚ್ಚಿಗೆ ಯಾರೂ ಹೋಗಲಿಲ್ಲ. ನೆಟ್ಟಗೆ ನಿಂತ ಗಂಟೆ ಗೋಪುರಗಳು ಇಟಲಿಯಲ್ಲಿ ಬೀದಿಗೊಂದಿವೆ, ಅವನ್ನು ಎರಡು ಕೈಯಲ್ಲಿ ತಳ್ಳುವಂತೆ ಫೋಟೋ ತೆಗೆಸಿಕೊಳ್ಳಲು ಯಾರೂ ಬರುವುದಿಲ್ಲ.

ಒಂದು ಜಾಗ ಪಟ್ಟಿಗೆ ಸೇರಿತೆಂದರೆ ಕೆಲಸದಿಂದ ನಿವೃತ್ತಿಯಾಯಿತೆಂದೇ ಲೆಕ್ಕ. ಊಟದ ಮನೆಯಲ್ಲಿ ಊಟವಿಲ್ಲ. ದೊರೆ ಕೊಸಿಮೊ 1560ರಲ್ಲಿ ಕಚೇರಿಗಳಿಗೆಂದು ಕಟ್ಟಿಸಿದ ಉಫಿತ್ಸಿಯಲ್ಲಿ ಗುಮಾಸ್ತರಿಲ್ಲ. ನಾವು ಹೋಗಿ ನೋಡುವುದು ಪೆನ್ಷನ್ ತೆಗೆದುಕೊಳ್ಳುತ್ತಿರುವ ಕಟ್ಟಡಗಳನ್ನು. ನನ್ನ ಹೆಂಡತಿ ಮಾತ್ರ ಅವುಗಳನ್ನು ಒಂದು ಗಳಿಗೆಯ ಮಟ್ಟಿಗಾದರೂ ಮತ್ತೆ ಕೆಲಸಕ್ಕೆ ಕರೆಯುತ್ತಿದ್ದಳು: ಯಾರು ಬಡಿಸುತ್ತಿದ್ದರು, ಯಾರು ಗುಡಿಸುತ್ತಿದ್ದರು, ನೀರು ಎಲ್ಲಿಂದ. ಇದು ಗೊತ್ತಾದ ಮೇಲೆ ನಾನು ಫಲಕ ಓದುವುದನ್ನು ಬಿಡಲಿಲ್ಲ, ಓದಿ ಅವಳ ಪ್ರಶ್ನೆಗಾಗಿ ಕಾಯತೊಡಗಿದೆ.

ರೋಮಿನಲ್ಲಿ ಸಂತ ಪೀಟರನ ಚರ್ಚಿಗೆ ಭುಜ, ಮಂಡಿ ಮುಚ್ಚಿಕೊಂಡು ಹೋಗಬೇಕು. ನಮ್ಮ ಕರಾವಳಿಯ ಗುಡಿಗಳಲ್ಲಿ ದೇವರು ಗಂಡಸರಿಗೆ ಅಂಗಿ ಬಿಚ್ಚಲು ಹೇಳುತ್ತಾನೆ, ಇಲ್ಲಿಯವನು ಹಾಕಿಕೊಳ್ಳಲು ಹೇಳುತ್ತಾನೆ. ಅರ್ಧ ಚಡ್ಡಿಯ ಬಿಳಿಯರನ್ನು ಬಾಗಿಲಲ್ಲೇ ತಡೆದರು, ಮೈಸೂರು ಸಿಲ್ಕಿನ ನನ್ನಾಕೆಗೆ ದ್ವಾರಪಾಲಕ ತಲೆಬಾಗಿ ದಾರಿ ಬಿಟ್ಟ. ಸಿಸ್ಟೀನ್ ಚಾಪೆಲ್ಲಿನಲ್ಲಿ ಎಲ್ಲರೂ ಕತ್ತು ಹಿಂದಕ್ಕೆ ಚಾಚಿ ಚಾವಣಿ ನೋಡುತ್ತಾರೆ. ಗದ್ದಲ ಏರಿದಾಗ ಕಾವಲುಗಾರರು ಸದ್ದು ಮಾಡಬೇಡಿ ಎಂದು ಎಲ್ಲರಿಗಿಂತ ದೊಡ್ಡ ಸದ್ದು ಮಾಡುತ್ತಾರೆ. ಮೈಕೆಲೇಂಜಲೊ 1508ರಿಂದ 1512ರವರೆಗೆ ಅಟ್ಟಣೆಯ ಮೇಲೆ ನಿಂತು, ಕತ್ತು ಮೇಲೆತ್ತಿ ಇದನ್ನು ಬರೆದ. ಮೈಕೈ ನೋವಿನ ಬಗ್ಗೆ ಒಂದು ಪದ್ಯವನ್ನೂ ಬರೆದ. “ಅವನಿಗೆ ಯಾರಾದರೂ ಎಣ್ಣೆ ತಿಕ್ಕೋರು ಇದ್ರಾ?” ಎಂಬುದು ಅಲ್ಲಿಯ ಪ್ರಶ್ನೆ. ಫಲಕ ಮೌನವಾಗಿತ್ತು.

ಪ್ಯಾಂಥಿಯನ್ನಿಗೆ ಹೋದಾಗ ಮಳೆ. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 126ರ ಸುಮಾರಿಗೆ ಮುಗಿಸಿದ ಗುಮ್ಮಟ ಅದು, ಅಗಲ 43.3 ಮೀಟರು, ನೆಲದಿಂದ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಅದಕ್ಕಿಂತ ದೊಡ್ಡದಿಲ್ಲ. ಆದರೂ ಬಾಗಿಲ ಮೇಲೆ ಹೇಡ್ರಿಯನ್ ತನ್ನ ಹೆಸರು ಕೆತ್ತಿಸಲಿಲ್ಲ, ಅಲ್ಲಿ ಮೊದಲು ಗುಡಿ ಕಟ್ಟಿಸಿದ್ದ ಅಗ್ರಿಪನ ಹೆಸರನ್ನೇ ಇಟ್ಟ. ಬಸ್ ಶೆಲ್ಟರಿಗೂ ಶಾಸಕರ ಹೆಸರು ನೋಡಿ ಬಂದ ನನಗೆ ಇದು ಪವಾಡವೆನಿಸಿತು. ಗುಮ್ಮಟದ ನೆತ್ತಿಯಲ್ಲಿ ದೊಡ್ಡ ಬಟ್ಟಲುಗಣ್ಣಿನ ತೆರಪು, ಅದರಿಂದ ಮಳೆ ನೇರ ಒಳಕ್ಕೆ. ಜನ ಹಗ್ಗದಾಚೆ ನಿಂತು ಫೋಟೋ ತೆಗೆಯುತ್ತಿದ್ದರು. ನನ್ನಾಕೆ ನೆಲ ನೋಡಿ ಒಂದೇ ಉಸಿರಿಗೆ, “ಇದು ನಮ್ಮಜ್ಜಿ ಮನೆ ತೊಟ್ಟಿ ಥರಾನೇ ಕಣ್ರೀ, ನೀರು ಹೋಗೋಕೆ ತೂತು ಇರ್ಲೇಬೇಕು” ಎಂದಳು. ಇತ್ತು. ನೆಲ ನಡುವೆ ಕೊಂಚ ಉಬ್ಬು, ಅಮೃತಶಿಲೆಯಲ್ಲಿ 22 ಸಣ್ಣ ತೂತು, ನೀರು ಸದ್ದಿಲ್ಲದೆ ಇಳಿದುಹೋಗುತ್ತಿತ್ತು. ಹತ್ತೊಂಬತ್ತು ನೂರು ವರ್ಷ ಸರ್ವಿಸಾದರೂ ನಿವೃತ್ತಿ ಪಡೆಯದ ತೂತುಗಳು!

ಆ ಅಗ್ರಿಪನೇ ಕ್ರಿ.ಪೂ. 19ರಲ್ಲಿ ಊರಿಗೆ ಒಂದು ಕಾಲುವೆ ತಂದ. ಅದೇ ನೀರು 1762ರಲ್ಲಿ ಮುಗಿದ ಟ್ರೆವಿ ಕಾರಂಜಿಗೆ ಬರುತ್ತದೆ. ಬೆನ್ನು ತಿರುಗಿಸಿ ನಾಣ್ಯ ಎಸೆದರೆ ರೋಮಿಗೆ ಮತ್ತೆ ಬರುತ್ತೀರಂತೆ. ಆ ದುಡ್ಡು ಬಡವರ ಸೇವೆಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಹೆಂಡತಿ ಎಸೆಯಲು ಒಪ್ಪಿದಳು, ಬೆನ್ನು ತಿರುಗಿಸಲು ಒಪ್ಪಲಿಲ್ಲ: “ದುಡ್ಡು ಎಲ್ಲಿ ಬೀಳತ್ತೆ ಅಂತ ನೋಡಬೇಡ್ವಾ?”

ಜನಜಂಗುಳಿ ತಪ್ಪಿಸಿಕೊಂಡು ಪಕ್ಕದ ಓಣಿಗೆ ಬಂದರೆ ಮೂಲೆಯಲ್ಲೊಂದು ಗಿಡ್ಡ ಕಬ್ಬಿಣದ ಕಂಬ, ಬಾಗಿದ ಸೊಂಡಿಲು, ಅದರಿಂದ ಬಿಡದೆ ಸುರಿಯುವ ತಣ್ಣೀರು. 1874ರಿಂದ ಇಂಥವನ್ನು ಊರ ತುಂಬ ನೆಟ್ಟಿದ್ದಾರೆ, ಈಗ ಸುಮಾರು 2,500 ಇವೆಯಂತೆ. ಟಿಕೆಟಿಲ್ಲ, ಸರದಿಯಿಲ್ಲ, ಫಲಕವಿಲ್ಲ. ಒಬ್ಬ ಬಾಟಲಿ ತುಂಬಿಕೊಂಡ, ಒಂದು ನಾಯಿ ಬಂದು ಕುಡಿದು ಹೋಯಿತು. ನಾನು ಬಗ್ಗಿ ಬೊಗಸೆ ಒಡ್ಡಿದ್ದನ್ನು ಕಂಡ ಮುದುಕರೊಬ್ಬರು ಹಾಗಲ್ಲ ಎಂದು ಕೈಯಾಡಿಸಿ, ಸೊಂಡಿಲಿನ ಬಾಯಿಗೆ ಬೆರಳು ಒತ್ತಿ ಹಿಡಿಯಲು ಸನ್ನೆ ಮಾಡಿದರು. ಒತ್ತಿದೆ. ಸೊಂಡಿಲಿನ ಮೇಲೆ ಒಂದು ತೂತಿದೆಯೆಂದು ಆಗ ತಿಳಿಯಿತು. ನೀರು ಚಿಲುಮೆಯಾಗಿ ಚಿಮ್ಮಿ ಕನ್ನಡಕ, ಮೂಗು, ಅಂಗಿ ಎಲ್ಲವನ್ನೂ ತೊಳೆಯಿತು. ಬಗ್ಗದೆ ಕುಡಿಯಲು ಮಾಡಿದ ಉಪಾಯ ಅದು. ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾಯಿ ದೂರ ಸರಿದು ನಿಂತಿತು.

ಡೇವಿಡ್ಡನ ಮುಂದಾಗಲೀ ವೀನಸ್ ಮುಂದಾಗಲೀ ಮೊಬೈಲು ಹೊರಗೆ ತೆಗೆಯದಿದ್ದ ನನ್ನ ಹೆಂಡತಿ ಆಗ ತೆಗೆದಳು. “ರೀ, ಇನ್ನೊಂದ್ಸಲ ಒತ್ತಿ. ನಗ್ತಾ ತೆಗೆದೆ, ಎಲ್ಲ ಅಲ್ಲಾಡಿಬಿಟ್ಟಿದೆ.”