ಕಾಡಿನಂಚಿನ ಉಣುಗು: ಒಂದು ಅಧಿಕೃತ ಹೇಳಿಕೆ

ಮಂಗನ ಕಾಯಿಲೆಯ ವೈರಸ್ಸನ್ನು ಹೊತ್ತು ತಿರುಗುವುದು ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಕಳಸ–ಕೊಪ್ಪ ನಡುವಿನ ಕಾಫಿ ತೋಟವೊಂದರ ಬೇಲಿಯಾಚೆ ದರಗಿನ ಮೇಲೆ ಸಿಕ್ಕಿದ ಅಂಥದ್ದೊಂದು ಮರಿ ಉಣುಗು ನಮ್ಮ ಪ್ರಶ್ನೆಗಳಿಗೆ ಇಲಾಖಾ ಪ್ರಕಟಣೆಯ ಧಾಟಿಯಲ್ಲೇ ಉತ್ತರಿಸಿತು. ‘ನಾನು’ ಎಂದು ಒಮ್ಮೆಯೂ ಬಾಯಿಬಿಡಲಿಲ್ಲ.

ಪ್ರಶ್ನೆ: ರೋಗದ ಮೂಲ?

ಉಣುಗು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಊರವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ವೈರಸ್ಸನ್ನು ಪತ್ತೆ ಹಚ್ಚಿತು. ಅದು ರಷ್ಯಾದ ಉಣುಗು ಜ್ವರಗಳ ಬಳಗಕ್ಕೆ ಸೇರಿದ್ದೆಂದು ಗೊತ್ತಾದದ್ದೇ ತಡ, ಅನುಮಾನ ಸೈಬೀರಿಯಾದಿಂದ ಬರುವ ಹಕ್ಕಿಗಳ ಮೇಲೆ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ವಲಸೆಯ ಬಗ್ಗೆ ಬೇಕಾದಷ್ಟು ತಿಳಿಯಿತು. ಆರೋಪ ಮಾತ್ರ ಸಾಬೀತಾಗಲಿಲ್ಲ.

ಪ್ರಶ್ನೆ: ಹಾಗಾದರೆ ಹಕ್ಕಿಗಳು ನಿರಪರಾಧಿಗಳೇ?

ಉಣುಗು: ಕಾಡುಕೋಳಿಯಂಥ ನೆಲ ಕೆದಕುವ ಹಕ್ಕಿಗಳ ಮೇಲೆ ಉಣುಗಿನ ಮರಿಗಳು ಸವಾರಿ ಮಾಡುವುದುಂಟು. ಈ ವೈರಸ್ಸಿನ ಹತ್ತಿರದ ನೆಂಟ ಅಲ್ಖುರ್ಮಾ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕಿತು; ಅಷ್ಟು ದೂರ ಹೊತ್ತೊಯ್ದವರು ಯಾರೆಂಬ ಪ್ರಶ್ನೆ ಉಳಿದಿರುವುದರಿಂದ ಹಕ್ಕಿಗಳ ಫೈಲನ್ನು ಪೂರ್ತಿ ಮುಚ್ಚುವ ಹಾಗಿಲ್ಲ.

ಪ್ರಶ್ನೆ: ಬೆಳೆಗೂ ರೋಗಕ್ಕೂ ಏನು ಸಂಬಂಧ?

ಉಣುಗು: ಭತ್ತ, ಕಾಫಿ ಹಣ್ಣು ರೋಗ ಹರಡುವುದಿಲ್ಲ. ಆದರೆ ಕಾಡು ಕಡಿದು ಗದ್ದೆ ಮಾಡಿ, ಅಂಚಿನ ಪೊದೆಗಳಲ್ಲಿ ದನ ಮೇಯಲು ಬಿಟ್ಟದ್ದೇ ಉಣುಗಿಗೆ ವರದಾನವಾಯಿತೆಂದು ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಬರೆದರು. ಮಳೆಗಾಲದಲ್ಲಿ ಹೆಣ್ಣು ಉಣುಗು ದನದ ರಕ್ತ ಹೀರಿ, ಕೆಳಗುದುರಿ, ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಕಾಯಿಲೆಯಿಲ್ಲ, ಆದ್ದರಿಂದ ಯಾರೂ ಅದನ್ನು ಕೇಳುವುದಿಲ್ಲ. ಮರಿಗಳು ಇಲಿ, ಮಂಗಗಳ ಮೈ ಹತ್ತುತ್ತವೆ. ಮಂಗ ಸತ್ತರೆ ಸೋಂಕು ತಗುಲಿದ ಉಣುಗುಗಳು ಅಲ್ಲೇ ಸುತ್ತಮುತ್ತ ಉಳಿಯುತ್ತವೆ. ಕೊಟ್ಟಿಗೆಗೆಂದು ಅದೇ ಜಾಗದ ದರಗು ಗುಡಿಸಿ, ಹೆಡಿಗೆ ತುಂಬಿ ತಲೆಯ ಮೇಲಿಟ್ಟುಕೊಂಡರೆ ಕುತ್ತಿಗೆಯವರೆಗೆ ಪ್ರಯಾಣ ಉಚಿತ.

ಪ್ರಶ್ನೆ: ಕೆಲಸದ ಅವಧಿ?

ಉಣುಗು: ನವೆಂಬರಿನಿಂದ ಮೇವರೆಗೆ. ಕಾಫಿ ಕೊಯ್ಲೂ ಆಗಲೇ ಬರುವುದು ಕಾಕತಾಳೀಯ. ತಾಲ್ಲೂಕಿನ ಗಡಿಕಲ್ಲುಗಳಿಗೆ ಉಣುಗು ಮನ್ನಣೆ ಕೊಟ್ಟಿಲ್ಲ: 2024ರಲ್ಲಿ ಶೃಂಗೇರಿ, ಕೊಪ್ಪದಲ್ಲಿ ಜ್ವರ ಕಂಡಿತು. ಅದಕ್ಕೂ ಮೊದಲೇ ಬಂಡೀಪುರ, ವಯನಾಡು, ಗೋವಾಗಳನ್ನು ಮುಟ್ಟಿಯಾಗಿತ್ತು.

ಪ್ರಶ್ನೆ: ಲಸಿಕೆಯ ಭಯವಿಲ್ಲವೇ?

ಉಣುಗು: ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡದೆ 2022ರಲ್ಲಿ ನಿಂತಿತು. ಈಗ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತಾರೆ. ಬಾಟಲಿ ಅಟ್ಟದ ಮೇಲೇ ಇದ್ದರೆ ಉಣುಗಿನ ಕಡೆಯಿಂದ ಯಾವ ಆಕ್ಷೇಪಣೆಯೂ ಇಲ್ಲ.