ಆರಾಣೆ ಮಾರಿಯೋ

ಮನೆಯಲ್ಲಿ ಮದುವೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಮೂರೂ ಕಡೆ ಲಗ್ನಪತ್ರಿಕೆ ಹಂಚುವ ಕೆಲಸ ಹಾಸನದಲ್ಲಿ ಬಿಡುವಾಗಿರುವವನೆಂದು ನನ್ನ ತಲೆಗೆ ಬಂತು. ಹೊರಡುವಾಗ ಅಕ್ಕನ ಮಗ, "ಬಸ್ಸಲ್ಲಿ ಬೇಜಾರಾದ್ರೆ ಇರ್ಲಿ ಮಾವ" ಎಂದು ಅಂಗೈಯಗಲದ ನೇರಳೆ ಡಬ್ಬಿಯೊಂದನ್ನು ಜೇಬಿಗೆ ತುರುಕಿದ. ಯಾವುದೋ ಕಾಲದಲ್ಲಿ ವಿದೇಶದಿಂದ ಬಂದ ಗೇಮ್ ಬಾಯ್ ಕಲರ್ ಎಂಬ ವಿಡಿಯೋ ಗೇಮ್. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಓಡುತ್ತದೆ. ಒಳಗಿದ್ದದ್ದು 1999ರ 'ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್'.

ಮಾರಿಯೋ ನನಗೆ ಹೊಸಬನೇನಲ್ಲ. 1985ರಲ್ಲಿ ಜಪಾನಿನಲ್ಲಿ ಬಂದ ಮೂಲ ಆಟದ ಆ ಮೀಸೆಯವನನ್ನು ನಾನು ಕಂಡದ್ದು ಚನ್ನರಾಯಪಟ್ಟಣದ ಚಿಕ್ಕಪ್ಪನ ಮನೆಯ ಟೀವಿಯಲ್ಲಿ, ಬೇಸಿಗೆ ರಜೆಯಲ್ಲಿ. ಆಟದ ಪೆಟ್ಟಿಗೆ ನಕಲಿ. ಕ್ಯಾಸೆಟ್ಟಿನ ಮೇಲೆ ನೂರು ಆಟವೆಂದಿದ್ದರೂ ಹತ್ತು ಸಲ ಮಾರಿಯೋನೇ ಬರುತ್ತಿದ್ದ. ಚಿತ್ರ ನಿಲ್ಲದಿದ್ದರೆ ಕ್ಯಾಸೆಟ್ ತೆಗೆದು ಊದುವುದು. ಒಲೆ ಊದಿದ ಅಭ್ಯಾಸವಿದ್ದ ಚಿಕ್ಕಮ್ಮನೇ ಅದರಲ್ಲಿ ಪ್ರವೀಣೆ. ಏಳನೇ ಲೋಕದಲ್ಲಿದ್ದಾಗ ಕರೆಂಟು ಹೋದರೆ ಮತ್ತೆ ಒಂದನೆಯದರಿಂದ ಶುರು. ಈ ಡಬ್ಬಿಯಲ್ಲಿ ಆಟವನ್ನು ನಡುವೆಯೇ ಉಳಿಸಿಡಬಹುದು. ಅದೊಂದಕ್ಕೇ ಕೈಮುಗಿದೆ.

ಆದರೆ ಬಸ್ಸು ಹೊರಟು ಎರಡು ನಿಮಿಷಕ್ಕೆ ಏನೋ ಕಳೆದುಹೋದಂತೆನಿಸಿತು. ಆಕಾಶ! ಮೂಲದ ಚಿತ್ರ 256 ಚುಕ್ಕಿ ಅಗಲ, 240 ಎತ್ತರ. ಇದರ ಪರದೆ 160ಕ್ಕೆ 144. ಬೊಂಬೆಗಳನ್ನು ಕುಗ್ಗಿಸದೆ ಸುತ್ತಲಿನದನ್ನೇ ಕತ್ತರಿಸಿದ್ದಾರೆ. ಲೆಕ್ಕ ಹಾಕಿದೆ: ಉಳಿದದ್ದು ಹದಿನಾರಾಣೆಯಲ್ಲಿ ಸರಿಯಾಗಿ ಆರಾಣೆ. ಶ್ರವಣಬೆಳಗೊಳದ ಗೊಮ್ಮಟನನ್ನು ಬಾಗಿಲ ಸಂದಿಯಿಂದ ನೋಡಿದ ಹಾಗೆ. ಮಂಡಿ ಕಂಡರೆ ಮುಖವಿಲ್ಲ. ಮೇಲಿನ ಗುಂಡಿ ಒತ್ತಿದರೆ ಚಿತ್ರ ಕೊಂಚ ಸರಿದು ಮೇಲಿನದನ್ನು ತೋರಿಸುತ್ತದೆ, ನಿಜ. ಅಷ್ಟರಲ್ಲಿ ಎದುರಿನ ಆಮೆ ಕಾಲಿಗೇ ಬಂದಿರುತ್ತದೆ. ಹಳೆಯ ಆಟ ಬಾಯಿಪಾಠವಿದ್ದವನಷ್ಟೇ ಇಲ್ಲಿ ಬದುಕುತ್ತಾನೆ.

ಇನ್ನೊಂದು ಪೇಚು, ಪರದೆಗೆ ಸ್ವಂತ ಬೆಳಕಿಲ್ಲ. ಚನ್ನರಾಯಪಟ್ಟಣದ ಪತ್ರಿಕೆ ಮುಗಿಸಿ ಹೊರಟ ಹೊಳೆನರಸೀಪುರದ ದಾರಿಯಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬ ಅಜ್ಜಿಯೊಡನೆ ಜಗ್ಗಾಡಿ ಸೋತೆ. ಸಾಲುಮರ ಬಂದಾಗಲೆಲ್ಲ ಮಾರಿಯೋಗೆ ಅಮಾವಾಸ್ಯೆ. ಗುಂಡಿ ಒತ್ತಿದಷ್ಟು ಹೊತ್ತು ಎತ್ತರಕ್ಕೆ ನೆಗೆಯುವ ಪ್ರಾಣಿ ಅದು; ರಸ್ತೆಯ ಉಬ್ಬಿಗೆ ನನ್ನ ಬೆರಳು ಹಾರಿದರೆ ಅದು ಹಳ್ಳಕ್ಕೆ. "ಏನಪ್ಪಾ, ಅದ್ಯಾಕೆ ಹಂಗೆ ಹಲ್ಲು ಕಚ್ತೀಯಾ, ಹೊಟ್ಟೆನೋವಾ?" ಎಂದು ಅಜ್ಜಿ ಕೇಳಿದರು. "ಹೂಂ ಅಜ್ಜಿ" ಎಂದೆ. ಸೀಟು ಸಿಕ್ಕಿತು.

ಹೊಳೆನರಸೀಪುರದಲ್ಲಿ ಪತ್ರಿಕೆ ಕೊಟ್ಟು, ಎರಡು ಕಡೆ ಬೇಡವೆಂದರೂ ಕಾಫಿ ಕುಡಿದು, ಅರಕಲಗೂಡಿನ ಬಸ್ಸು ಹತ್ತಿದೆ. ಈ ಸಲ ಮೊದಲಿಂದಲೇ ಕಿಟಕಿ ನನ್ನದು. ಮೊದಲ ಲೋಕದ ಎರಡನೇ ಮಜಲು ನೆನಪಿರಬಹುದು: ನೆಲದಡಿಯ ಹಾದಿಯ ಚಾವಣಿ ಹತ್ತಿ ಓಡಿದರೆ ಕೊನೆಗೆ ಮೂರು ಪೈಪು, ಒಂದಕ್ಕೆ ಇಳಿದರೆ ನೇರ ನಾಲ್ಕನೇ ಲೋಕ. ಇಷ್ಟು ವರ್ಷದ ಮೇಲೂ ಬೆರಳು ದಾರಿ ಮರೆತಿರಲಿಲ್ಲ. ಪೈಪಿಗಿಳಿದ ಖುಷಿಯಲ್ಲಿ ಕಣ್ಣೆತ್ತಿದರೆ ಅರಕಲಗೂಡು ದಾಟಿ ಬಸ್ಸು ಕೊಣನೂರಿನಲ್ಲಿ ನಿಂತಿತ್ತು.

ಆ ಹೊತ್ತಿಗೆ ಕತ್ತಲು. ಅರಕಲಗೂಡಿನ ನೆಂಟರ ನಾಲ್ಕು ಪತ್ರಿಕೆ ಇನ್ನೂ ನನ್ನ ಚೀಲದಲ್ಲೇ ಇವೆ. ಅವರು ಯಾರಾದರೂ ಇದನ್ನು ಓದಿದರೆ, ಇದನ್ನೇ ಆಹ್ವಾನವೆಂದು ತಿಳಿದು ಸಕುಟುಂಬರಾಗಿ ಬರಬೇಕು. ಅಕ್ಕನಿಗೆ ಮಾತ್ರ ಹೇಳಬೇಡಿ.