ಬಾಕ್ಸ್ ಇಳಿಸುವ ಪಂಡಿತರು

ಕರ್ನಾಟಕದ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳಲ್ಲಿ, ತಮ್ಮದೆಂಬ ಯಾವ ವಾಹನವೂ ರಿಪೇರಿಗೆ ನಿಂತಿರದಿದ್ದರೂ ದಿನವೂ ಹಾಜರಿರುವ, ಪರರ ವಾಹನದ ರೋಗವನ್ನು ಮೇಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲೇ ನಿರ್ಣಯಿಸಬಲ್ಲ, ಆ ನಿರ್ಣಯಕ್ಕೆ ಪ್ರತಿಯಾಗಿ ಶುಲ್ಕವನ್ನಾಗಲಿ ಹೊಣೆಯನ್ನಾಗಲಿ ಬಯಸದ ಒಂದು ವರ್ಗವಿದೆ. ಅನುಕೂಲಕ್ಕಾಗಿ ಅವರನ್ನು ಇಲ್ಲಿ ಪಂಡಿತರೆಂದು ಕರೆಯಲಾಗಿದೆ. ಗ್ಯಾರೇಜಿನ ಹುಡುಗರು ಅವರಿಗೆ ಇಟ್ಟಿರುವ ಹೆಸರುಗಳು ಅಚ್ಚಿಗೆ ಒಗ್ಗುವಂಥವಲ್ಲ. ಎಂಜಿನ್ನಿನ ದೋಷ, ಬ್ರೇಕಿನ ದೋಷ, ದೀಪ ಹತ್ತದ ದೋಷ ಇವೆಲ್ಲದರ ಬಗ್ಗೆಯೂ ಪಂಡಿತರಿಗೆ ಅಭಿಪ್ರಾಯವಿರುವುದಾದರೂ, ಅವರ ಪಾಂಡಿತ್ಯ ಪೂರ್ಣವಾಗಿ ಅರಳುವುದು ಗೇರ್‌ಬಾಕ್ಸಿನ ವಿಷಯದಲ್ಲಿ. ಏಕೆಂದರೆ ಅದು ನಾಲ್ಕೂ ಕಡೆ ಮುಚ್ಚಿದ ಎರಕದ ಡಬ್ಬಿ. ಒಳಗೆ ನಡೆಯುತ್ತಿರುವುದನ್ನು ಯಾರೂ ಕಾಣಲಾರರು, ಹಾಗಾಗಿ ಹೇಳಿದ್ದನ್ನು ಸುಳ್ಳೆಂದು ತೋರಿಸಲು ಅದನ್ನು ಇಳಿಸಿ ಬಿಚ್ಚುವವರೆಗೆ ಯಾರಿಂದಲೂ ಆಗದು.

ಈ ಅಧಿಕಾರ ಪಂಡಿತರಿಗೆ ಎಲ್ಲಿಂದ ಬಂತೆಂದು ವಿಚಾರಿಸಿದರೆ ಅದು ಹೆಚ್ಚಾಗಿ ನೆಂಟಸ್ತಿಕೆಯ ಮೂಲಕ ಬಂದದ್ದೆಂದು ತಿಳಿಯುತ್ತದೆ. ಅವರ ಭಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿದ್ದರು, ಇಲ್ಲವೇ ಸೋದರಮಾವ ಲೈಲ್ಯಾಂಡ್ ಲಾರಿ ಇಟ್ಟಿದ್ದರು, ಎರಡೂ ಅಲ್ಲದಿದ್ದರೆ ಪಂಡಿತರೇ ಯೌವನದಲ್ಲಿ ಒಂದು ಅಂಬಾಸಿಡರ್ ಕಾರನ್ನು ಅದು ಮಾರಾಟವಾಗುವವರೆಗೆ ಸಾಕಿದ್ದರು. ಡಿಪೋದ ಭಾವ ಕೆಲಸ ಮಾಡುತ್ತಿದ್ದದ್ದು ನಗದು ವಿಭಾಗದಲ್ಲಿ ಎಂಬುದು ಈ ವಿದ್ಯೆಗೆ ಬಾಧಕವೆಂದು ಯಾರೂ ಭಾವಿಸಿದಂತಿಲ್ಲ. ಇಸ್ತ್ರಿ ಮಾಡಿದ ತಿಳಿಬಣ್ಣದ ಅಂಗಿ, ಗ್ರೀಸು ತಗಲದಂತೆ ಬೆನ್ನ ಹಿಂದೆ ಕಟ್ಟಿದ ಕೈಗಳು, ಜೇಬಿನಲ್ಲಿ ಒಂದು ಬಾಲ್ ಪೆನ್ನು, ಇಷ್ಟೇ ಅವರ ಸಲಕರಣೆ. ಪೆನ್ನು ಬರೆಯುವುದಕ್ಕಲ್ಲ, ತೋರಿಸುವುದಕ್ಕೆ.

ಪಂಡಿತರ ಪಾಲಿಗೆ ಅತ್ಯಂತ ಪ್ರಿಯವಾದದ್ದು ಎಂಜಿನ್ ಬದಲಿಸಿದ ಹಳೆಯ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, 1988ರಲ್ಲಿ ಓಮ್ನಿಯೆಂದು ಹೆಸರು ಬದಲಿಸಿಕೊಂಡು, 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಶಾಲೆಯ ಮಕ್ಕಳನ್ನೂ ಮದುವೆಯ ಪಾತ್ರೆಗಳನ್ನೂ ಸಿನಿಮಾದ ಖಳನಾಯಕರು ಅಪಹರಿಸಿದ ನಾಯಕಿಯರನ್ನೂ ಒಂದೇ ನಿರ್ಲಿಪ್ತತೆಯಿಂದ ಹೊತ್ತ ಈ ವಾಹನದಲ್ಲಿ ಇದ್ದದ್ದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅದರ ಶಕ್ತಿ 40 ಅಶ್ವಶಕ್ತಿಗೂ ಕಡಿಮೆ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಗೇರ್‌ಬಾಕ್ಸ್ ಅದರ ಹಿಂದೆ, ಓಡುವುದು ಹಿಂದಿನ ಚಕ್ರಗಳಿಂದ. ಆಗುಂಬೆಯ 14 ತಿರುವುಗಳನ್ನು ಎಂಟು ಜನರನ್ನೂ ಒಂದು ಬಾಳೆಗೊನೆಯನ್ನೂ ಹೊತ್ತು ಹತ್ತುವಾಗ ಈ ಎಂಜಿನ್ ಏದುಸಿರು ಬಿಡುವುದು ಸಹಜವೇ ಆಗಿರಲಾಗಿ, ಕೆಲವು ಮಾಲೀಕರು ಬೆಂಗಳೂರಿನ ಶಿವಾಜಿನಗರದಂಥ ಗುಜರಿ ಪೇಟೆಗಳಿಂದ ವರ್ಸಾ ವ್ಯಾನಿನದೋ ಜಿಪ್ಸಿ ಜೀಪಿನದೋ 1298 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ತಂದು, ವೆಲ್ಡಿಂಗ್ ಮತ್ತು ಲೇತ್ ಕೆಲಸದ ನೆರವಿನಿಂದ ಸೀಟಿನ ಕೆಳಗೆ ಕೂರಿಸುತ್ತಾರೆ. ಈ ಎಂಜಿನ್ನಿನ ಶಕ್ತಿ ಸುಮಾರು 80 ಅಶ್ವಶಕ್ತಿ. ಹಳೆಯ ನಾಲ್ಕು ಗೇರಿನ ಡಬ್ಬಿಯನ್ನೇ ಉಳಿಸಿಕೊಂಡವರ ವಿಷಯದಲ್ಲಿ, ಒಂದು ಕುಟುಂಬವನ್ನು ಸಾಕಲು ತಯಾರಾದ ಸಂಬಳದಿಂದ ಎರಡು ಕುಟುಂಬಗಳನ್ನು ಸಾಕಬೇಕಾದ ಪರಿಸ್ಥಿತಿ ಅಲ್ಲಿ ಉಂಟಾಗುತ್ತದೆ. ‘ಘಾಟಿ ಹತ್ತೋದಿಲ್ಲ ಕಣ್ರೀ, ದೊಡ್ಡ ಎಂಜಿನ್ ಹಾಕ್ಸಿ’ ಎಂದು ಮಾಲೀಕರಿಗೆ ಮೊದಲು ಸೂಚಿಸಿದವರು ಪಂಡಿತರೇ ಆಗಿದ್ದರೆಂಬುದನ್ನು ಯಾರೂ ನೆನಪಿಸುವುದಿಲ್ಲ. ನೆನಪಿಸಿದರೂ ಅವರು ಹೇಳಿದ್ದು ಬೇರೆಯೇ ಎಂಜಿನ್ ಆಗಿರುತ್ತದೆ.

ಗೇರ್‌ಬಾಕ್ಸ್ ಎಂಬುದು ಎಂಜಿನ್ನಿನ ಸುತ್ತುವಿಕೆಯನ್ನು ಚಕ್ರಗಳಿಗೆ ಬೇಕಾದ ವೇಗಕ್ಕೂ ಬಲಕ್ಕೂ ಹೊಂದಿಸಿ ಕೊಡುವ ಹಲ್ಲುಚಕ್ರಗಳ ಕೂಟ. ಮುಂದಕ್ಕೆ ಓಡಿಸುವ ಚಕ್ರಗಳು ಯಾವಾಗಲೂ ಜೋಡಿಜೋಡಿಯಾಗಿ ಕಚ್ಚಿಕೊಂಡೇ ಇರುತ್ತವೆ; ಚಾಲಕ ಲಿವರ್ ತಳ್ಳಿದಾಗ ಯಾವ ಜೋಡಿ ಶಾಫ್ಟಿಗೆ ಬಿಗಿಯಾಗಬೇಕೆಂಬುದಷ್ಟೇ ತೀರ್ಮಾನವಾಗುತ್ತದೆ. ಹಾಗೆ ಬಿಗಿಯುವ ಮೊದಲು ಎರಡರ ವೇಗವನ್ನೂ ಸಮ ಮಾಡುವುದು ಸಿಂಕ್ರೊನೈಸರ್ ಉಂಗುರದ ಕೆಲಸ. ಒಳಮೈ ಶಂಕುವಿನಂತೆ ಓರೆಯಾಗಿರುವ ಈ ಹಿತ್ತಾಳೆಯ ಬಳೆ ತನ್ನ ಜೊತೆಯ ಚಕ್ರದ ಮೇಲೆ ಉಜ್ಜಿ, ಅದನ್ನು ಹದಕ್ಕೆ ತಂದ ಮೇಲೆಯೇ ಹಲ್ಲುಗಳು ಕೂಡಲು ಬಿಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಕಾಣಿಸಿಕೊಂಡ ಈ ಏರ್ಪಾಟನ್ನು ಪಂಡಿತರು ಮಾನವಕುಲದ ಅವನತಿಯ ಆರಂಭವೆಂದು ಬಗೆಯುತ್ತಾರೆ. ಅವರ ಸೋದರಮಾವನ ಕಾಲದಲ್ಲಿ ಲಾರಿ ಚಾಲಕರು ಒಂದು ಗೇರಿಗೆ ಎರಡು ಬಾರಿ ಕ್ಲಚ್ ಒತ್ತಿ, ನಡುವೆ ಆಕ್ಸಿಲರೇಟರ್ ಮುಟ್ಟಿ, ಹಲ್ಲು ಕರಕರ ಎನ್ನದಂತೆ ಗೇರು ಹಾಕುತ್ತಿದ್ದರಂತೆ. ಮಾತಿನಲ್ಲಿ ಸತ್ಯವಿದೆ. ಆದರೆ ಆ ಸತ್ಯವನ್ನು ಅವರು ಓಮ್ನಿಯ ಯುವ ಚಾಲಕನ ಮುಂದೆ ಹೇಳುವ ಧಾಟಿಯಲ್ಲಿ, ಇಂದಿನ ಎಲ್ಲ ಗೇರ್‌ಬಾಕ್ಸ್‌ಗಳ ಸವೆತಕ್ಕೂ ಅವನೊಬ್ಬನೇ ಕಾರಣನೆಂಬ ಧ್ವನಿ ಇರುತ್ತದೆ.

ವ್ಯಾನು ಗ್ಯಾರೇಜಿನ ಮುಂದೆ ಬಂದು ನಿಂತು, ಚಾಲಕ ರಿವರ್ಸ್ ಹಾಕುವಾಗ ‘ಕರ್ರ್’ ಎಂದು ಶಬ್ದವಾದೊಡನೆ ಪಂಡಿತರು ಕಣ್ಣು ಮುಚ್ಚುತ್ತಾರೆ. ತಾಳ ತಪ್ಪಿದ ಪಕ್ಕವಾದ್ಯವನ್ನು ಕೇಳಿದ ವಿದ್ವಾಂಸರ ಮುಖದಲ್ಲಿ ಮೂಡುವ ನೋವು ಆಗ ಅವರ ಮುಖದಲ್ಲಿ ಮೂಡುತ್ತದೆ. ಅನಂತರ ತೀರ್ಪು ಹೊರಬೀಳುತ್ತದೆ: ‘ಬಾಕ್ಸ್ ಹೋಗಿದೆ. ಇಳಿಸ್ಲೇಬೇಕು.’ ಮೇಸ್ತ್ರಿ ತಲೆಯೆತ್ತದೆ, ‘ಇರ್ಲಿ ಯಜಮಾನ್ರೇ, ಮೊದ್ಲು ಕೇಬಲ್ ನೋಡೋಣ’ ಎನ್ನುತ್ತಾನೆ. ‘ಕೇಬಲ್ ಏನ್ ನೋಡ್ತೀಯಪ್ಪಾ, ಶಬ್ದ ಕೇಳ್ಸಲ್ವಾ?’ ಎಂಬ ಉತ್ತರದಲ್ಲಿ ವಿಜ್ಞಾನದ ಇತಿಹಾಸದುದ್ದಕ್ಕೂ ಸಿದ್ಧಾಂತಿಗಳು ಪ್ರಯೋಗಶೀಲರನ್ನು ಕಂಡ ತಿರಸ್ಕಾರವೆಲ್ಲ ಅಡಗಿದೆ.

ಮೇಸ್ತ್ರಿ ಮಾಡುವ ಪರೀಕ್ಷೆಗೆ ಹಣ ಖರ್ಚಿಲ್ಲ, ಆದ್ದರಿಂದ ಗೌರವವೂ ಇಲ್ಲ. ಅವನು ಎಂಜಿನ್ ನಿಲ್ಲಿಸಿ, ನಾಲ್ಕೂ ಗೇರುಗಳನ್ನೂ ರಿವರ್ಸನ್ನೂ ಒಂದೊಂದಾಗಿ ಹಾಕಿ ನೋಡುತ್ತಾನೆ. ಆಗ ಸಲೀಸಾಗಿ ಬೀಳುವ ಗೇರುಗಳು ಎಂಜಿನ್ ಓಡುತ್ತಿರುವಾಗ ಮಾತ್ರ ಹಟ ಮಾಡಿದರೆ, ಮೊದಲು ಅನುಮಾನಿಸಬೇಕಾದದ್ದು ಡಬ್ಬಿಯನ್ನಲ್ಲ, ಎಂಜಿನ್ನಿಗೂ ಡಬ್ಬಿಗೂ ನಡುವೆ ನಿಂತು ಬೇಕೆಂದಾಗ ಸೇರಿಸಿ ಬೇಡವೆಂದಾಗ ಬಿಡಿಸುವ ಕ್ಲಚ್ಚನ್ನು. ಮುಂದಿನ ಹೆಜ್ಜೆಯಾಗಿ ಕ್ಲಚ್ ಪೂರ್ತಿ ಒತ್ತಿಹಿಡಿದು, ಕೆಲವು ಕ್ಷಣ ಸುಮ್ಮನಿದ್ದು ರಿವರ್ಸ್ ಹಾಕುತ್ತಾನೆ. ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೊನೈಸರ್ ಇರುವುದಿಲ್ಲವಾದ್ದರಿಂದ ಒಳಗಿನ ಶಾಫ್ಟ್ ತಾನಾಗಿ ನಿಲ್ಲುವವರೆಗೆ ಕಾಯಬೇಕು. ಕಾದ ಮೇಲೂ ಕರ್ರ್ ಎಂದರೆ ಶಾಫ್ಟನ್ನು ಯಾರೋ ಇನ್ನೂ ತಿರುಗಿಸುತ್ತಿದ್ದಾರೆ, ಅರ್ಥಾತ್ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಓಮ್ನಿಯ ಕ್ಲಚ್ ಕೆಲಸ ಮಾಡುವುದು ಕೇಬಲಿನಿಂದ. ಅದು ಹಿಗ್ಗಿದ್ದರೆ ತುದಿಯ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದಾಗ ರೋಗ ಮಾಯವಾಗುವುದೂ ಉಂಟು. ಈ ಸಾಧ್ಯತೆಯನ್ನು ಪಂಡಿತರು ಗಂಭೀರವಾಗಿ ಪರಿಗಣಿಸುವುದಿಲ್ಲ. ನಾಲ್ಕು ಸುತ್ತಿನಲ್ಲಿ ಮುಗಿಯುವ ಕಾಯಿಲೆಗೆ ಇಷ್ಟೊಂದು ಜನ ಏಕೆ ನಿಂತು ನೋಡಬೇಕು ಎಂಬ ಅವರ ಪ್ರಶ್ನೆಗೆ ಉತ್ತರವಿಲ್ಲ.

ಎಂಜಿನ್ ಬದಲಿಸಿದ ವ್ಯಾನುಗಳಲ್ಲಿ ದೋಷ ಹೆಚ್ಚಾಗಿ ಅಡಗಿರುವುದು ಹೊಸ ಎಂಜಿನ್ನೂ ಹಳೆಯ ಡಬ್ಬಿಯೂ ಕೂಡುವ ಜಾಗದಲ್ಲಿ. ಫ್ಲೈವ್ಹೀಲಿನ ದಪ್ಪ ಬೇರೆಯಾದರೆ ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗ್ ತಲುಪಬೇಕಾದಷ್ಟು ದೂರ ತಲುಪುವುದಿಲ್ಲ. ಡಬ್ಬಿಯ ಮುಂದಿನ ಶಾಫ್ಟಿನ ತುದಿಯನ್ನು ಕ್ರ್ಯಾಂಕ್‌ಶಾಫ್ಟಿನ ನಡುವೆ ಹಿಡಿದಿಡುವ ಪೈಲಟ್ ಬುಷ್ ಎಂಬ ಬಳೆ ಹೊಸ ಅಳತೆಗೆ ಸರಿಹೊಂದದೆ ಹಿಡಿದುಕೊಂಡರೆ, ಕ್ಲಚ್ ಬಿಟ್ಟರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಎರಡು ಎರಕಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸುವ ಡೋವೆಲ್ ಪಿನ್ನುಗಳನ್ನು ‘ಬೋಲ್ಟ್ ಇದೆಯಲ್ಲ’ ಎಂದು ಬಿಟ್ಟುಬಿಟ್ಟರೆ ಶಾಫ್ಟ್ ಕೂದಲೆಳೆಯಷ್ಟು ಓರೆಯಾಗಿ, ಗೇರು ತಾನಾಗಿ ಜಾರತೊಡಗುತ್ತದೆ, ಬೇರಿಂಗುಗಳೂ ಬೇಗ ಸವೆಯುತ್ತವೆ. ಇನ್ನು ವೆಲ್ಡ್ ಮಾಡಿ ಕೂರಿಸಿದ ಮೌಂಟಿಂಗಿನ ರಬ್ಬರು ಸತ್ತಿದ್ದರೆ, ಏರು ಹತ್ತುವಾಗ ಎಂಜಿನ್ ಪಕ್ಕಕ್ಕೆ ಹೊರಳಿ ಡಬ್ಬಿಯನ್ನೂ ಎಳೆಯುತ್ತದೆ. ಲಿವರಿನಿಂದ ಡಬ್ಬಿಯವರೆಗೆ ಹೋಗುವ ರಾಡು ಆಗ ಮೂರನೆಯ ಗೇರನ್ನು ಹೇಳದೆ ಕೇಳದೆ ಬಿಡಿಸಿಬಿಡುತ್ತದೆ. ಆ ರಾಡಿನ ಕೀಲುಗಳಲ್ಲಿರುವ ಬುಷ್‌ಗಳನ್ನು ಗ್ಯಾರೇಜಿನ ಹುಡುಗ ವ್ಯಾನಿನ ಕೆಳಗೆ ಮಲಗಿ ಹೊರತೆಗೆಯುವ ದೃಶ್ಯ ನೋಡತಕ್ಕದ್ದು. ಅವು ಬುಷ್ಷಾಗಿ ಬರುವುದಿಲ್ಲ, ಪುಡಿಯಾಗಿ ಬರುತ್ತವೆ. ಹುಡುಗ ಆ ಕಪ್ಪು ಪುಡಿಯನ್ನು ಅಂಗೈಯಲ್ಲಿ ಹಿಡಿದು ಮೇಲೆ ಚಾಚಿದಾಗ ಪಂಡಿತರು ಅದನ್ನು ಪೆನ್ನಿನ ತುದಿಯಿಂದ ಕೆದಕಿ, ‘ಇದೂ ಹೋಗಿದೆ’ ಎನ್ನುತ್ತಾರೆ. ಅವರ ಇಡೀ ತರ್ಕಶಾಸ್ತ್ರ ಆ ‘ಊ’ಕಾರದಲ್ಲಿದೆ.

ಇಷ್ಟಾದರೂ ಪಂಡಿತರ ಮಾತಿಗೆ ಬೆಲೆ ಕುಂದದಿರುವುದಕ್ಕೆ ಕಾರಣ ವ್ಯಾನಿನ ಮಾಲೀಕರೇ. ಎಂಜಿನ್ ಬದಲಿಸಲು ಸಾಲ ಮಾಡಿ, ಮನೆಯವರ ಮಾತು ಕೇಳಿ, ಊರಿನವರ ಮುಂದೆ ಅದರ ವೇಗವನ್ನು ಕೊಂಡಾಡಿದ ಮನುಷ್ಯನಿಗೆ ಒಂದು ರಬ್ಬರು ಬಳೆಯಿಂದ ವ್ಯಾನು ನಿಂತಿತೆಂದು ಕೇಳುವುದು ಅವಮಾನ. ರೋಗವಾದರೂ ಸಾಹಸಕ್ಕೆ ತಕ್ಕಷ್ಟು ದೊಡ್ಡದಾಗಿರಬೇಕು. ‘ಗೇರ್‌ಬಾಕ್ಸ್ ಇಳಿಸಿದ್ದೀವಿ’ ಎಂಬ ಮಾತನ್ನು ಮದುವೆಯ ಮನೆಯಲ್ಲಿ ನಾಲ್ಕು ಜನರ ನಡುವೆ ಹೇಳಬಹುದು; ‘ಬುಷ್ ಹಾಕ್ಸಿದೆ’ ಎಂಬುದನ್ನು ಹೇಳಲಾಗದು. ಪಂಡಿತರು ಮಾಲೀಕರಿಗೆ ಕೊಡುವುದು ಈ ಗೌರವವನ್ನು, ಮತ್ತು ಅದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಬಿಲ್ಲು ಕೊಡುವವನು ಮೇಸ್ತ್ರಿ.

ಪಂಡಿತರು ಎಂದೂ ಸರಿಯಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಡಬ್ಬಿ ನಿಜವಾಗಿಯೂ ಕೆಡುತ್ತದೆ, ಮೊದಲಿನ ಎರಡರಷ್ಟು ಶಕ್ತಿಯನ್ನು ಹೊರುವ ಡಬ್ಬಿ ಬೇಗನೇ ಕೆಡುತ್ತದೆ. ಅದಕ್ಕೆ ಗುರುತುಗಳಿವೆ. ಇಂಥ ಹಿಂಚಕ್ರದ ವಾಹನಗಳಲ್ಲಿ ನಾಲ್ಕನೆಯ ಗೇರು ನೇರ ಗೇರು, ಎಂದರೆ ಎಂಜಿನ್ನಿನ ಸುತ್ತು ಕೆಳಗಿನ ಶಾಫ್ಟಿಗೆ ಭಾರ ಕೊಡದೆ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಒಂದು, ಎರಡು, ಮೂರರಲ್ಲಿ ಗೊಯ್ಯೆನ್ನುತ್ತಿದ್ದ ವ್ಯಾನು ನಾಲ್ಕಕ್ಕೆ ಬಿದ್ದೊಡನೆ ತಣ್ಣಗಾದರೆ ಆ ಕೆಳಗಿನ ಶಾಫ್ಟಿನ ಬೇರಿಂಗನ್ನು ಅನುಮಾನಿಸುವುದು ನ್ಯಾಯ. ನ್ಯೂಟ್ರಲಿನಲ್ಲಿ ನಿಂತಾಗ ಕೇಳುವ ಶಬ್ದ ಕ್ಲಚ್ ಒತ್ತಿದರೆ ನಿಲ್ಲುವುದಾದರೆ ಡಬ್ಬಿಯ ಮುಂದಿನ ಬೇರಿಂಗನ್ನೂ, ಒತ್ತಿದಾಗಲೇ ಹುಟ್ಟುವುದಾದರೆ ರಿಲೀಸ್ ಬೇರಿಂಗನ್ನೂ ನೋಡಬೇಕು. ಎಣ್ಣೆ ಇಳಿಸಿದಾಗ ಬಟ್ಟಲಿನಲ್ಲಿ ಚಿನ್ನದ ಪುಡಿಯಂಥ ಮಿಣುಕು ತೇಲಿದರೆ ಅದು ಹಿತ್ತಾಳೆಯ ಉಂಗುರ ಸವೆದದ್ದು. ಕೆಲವೊಮ್ಮೆ ಇದಕ್ಕೆ ಕಾರಣ, ಜಿಎಲ್-4 ದರ್ಜೆಯ ಎಣ್ಣೆ ಬೇಕಾದಲ್ಲಿ ಡಿಫರೆನ್ಶಿಯಲ್‌ಗಾಗಿ ತಂದ ಜಿಎಲ್-5 ಎಣ್ಣೆಯನ್ನು ‘ಹೆಚ್ಚಿನ ನಂಬರು, ಹೆಚ್ಚಿನ ಗುಣ’ ಎಂದು ಸುರಿದದ್ದು. ಅದರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಬೆರಕೆಗಳು ಹಿತ್ತಾಳೆಗೆ ಹಿತವಲ್ಲ. ಎಣ್ಣೆಯ ಹೊತ್ತಿಗೆ ಮಾತ್ರ ಪಂಡಿತರು ಬೆನ್ನ ಹಿಂದಿನ ಕೈಯನ್ನು ಮುಂದೆ ತರುತ್ತಾರೆ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಮೂಸಿ, ಬಿಸಿಲಿಗೆ ಹಿಡಿದು, ಕೊನೆಗೆ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಾರೆ. ಆ ವೇಳೆಗೆ ವೇಸ್ಟ್ ಬಟ್ಟೆಗಳನ್ನೆಲ್ಲ ಹುಡುಗ ಎಲ್ಲೋ ಇಟ್ಟಿರುತ್ತಾನೆ.

ಪಂಡಿತರ ಜ್ಞಾನ ತಲುಪದ ಒಂದೇ ಕ್ಷೇತ್ರ ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ ನೋಂದಣಿ ಪತ್ರದ ವಿವರಗಳಿಗೆ ಹೊಂದದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ‘ಅದೆಲ್ಲ ಯಾರ್ ನೋಡ್ತಾರೆ’ ಎಂಬುದು ಪಂಡಿತರ ವ್ಯಾಖ್ಯಾನ. ಅಪಘಾತವಾದ ದಿನ ವಿಮಾ ಕಂಪನಿಯವರು ನೋಡುತ್ತಾರೆ.

ಇಂಥ ವ್ಯಾನು ಇಟ್ಟುಕೊಂಡಿರುವ ಓದುಗರು ಗ್ಯಾರೇಜಿಗೆ ಹೋಗುವ ಮುನ್ನ ಮನೆಯ ಮುಂದೆಯೇ ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ಗೇರುಗಳನ್ನು ಹಾಕಿ ನೋಡಿ, ಯಾವ ಗೇರು ಯಾವಾಗ ತಕರಾರು ಮಾಡಿತೆಂದು ಒಂದು ಚೀಟಿಯಲ್ಲಿ ಬರೆದು ಮೇಸ್ತ್ರಿಯ ಕೈಗೇ ಕೊಡುವುದು ಒಳ್ಳೆಯದು. ಕೇಬಲ್, ರಾಡಿನ ಬುಷ್, ಮೌಂಟಿಂಗ್ ನೋಡಿದ ಮೇಲೂ ದೋಷ ಉಳಿದರೆ ಡಬ್ಬಿ ಇಳಿಸಲು ಒಪ್ಪಿ, ಇಳಿಸಿದಾಗ ಪೈಲಟ್ ಬುಷ್, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗುಗಳನ್ನೂ ಅದೇ ಕೂಲಿಯಲ್ಲಿ ಬದಲಿಸಿಕೊಳ್ಳಿ. ಆ ದಿನ ಪಂಡಿತರು ‘ನಾನ್ ಅವತ್ತೇ ಹೇಳಿರ್ಲಿಲ್ವಾ’ ಎನ್ನುತ್ತಾರೆ. ಅದಕ್ಕೆ ಒಂದು ಕಾಫಿ ಕೊಡಿಸಿ ಒಪ್ಪಿಕೊಳ್ಳಿ, ಕೂಲಿಯಲ್ಲಿ ಅದೇನೂ ದೊಡ್ಡ ಹೆಚ್ಚಳವಲ್ಲ.